ಮುಯ್ಯಿಗೆ ಕೂಲಿ ಎಷ್ಟು

ಕುಬೇರಪ್ಪನ ಒಂದು ಎಕರೆ ಹಸಿಮೆಣಸಿನಕಾಯಿ ಹೊಲದಲ್ಲಿ ನಾಲ್ಕು ಮಂದಿ ಹೆಂಗಸರು ಐದು ಸಲ ಕಾಯಿ ಬಿಡಿಸಿದರು. ಒಂದೊಂದು ಸಲಕ್ಕೆ ನಾಲ್ಕು ದಿನ ಹಿಡಿಯಿತು. ಕಂಪನಿಯ ಹಾಳೆಯಲ್ಲಿ ‘ಬಿಡಿಸುವ ಕೂಲಿ’ ಎಂಬ ಸಾಲಿನ ಮುಂದೆ ಸೊನ್ನೆ ಎಂದು ಬರೆದರು.

ಬರೆದವನು ಶಶಿಕುಮಾರ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಆಫೀಸು ಇಟ್ಟುಕೊಂಡ ಒಂದು ತರಕಾರಿ ಕಂಪನಿಯವನು. ಬರೆಸಿದವಳು ಕುಬೇರಪ್ಪನ ಹೆಂಡತಿ ಶಿವಬಸವ್ವ.

ಅದು ದೀಪಾವಳಿಯ ಹಿಂದಿನ ವಾರ, ಮೊದಲನೆಯ ಸಲ ಕಾಯಿ ಬಿಡಿಸಿದ ಹೊತ್ತು. ಶಶಿಕುಮಾರ ಕಟ್ಟೆಯ ಮೇಲೆ ಕೂತು, ಹಾಳೆ ತುಂಬುವ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು, ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಔಷಧ ಎಷ್ಟು ಸಲ ಹೊಡೆದಿರಿ ಎಂದು ಒಂದೊಂದಾಗಿ ಕೇಳುತ್ತಿದ್ದ. ಕುಬೇರಪ್ಪ ಸಾಲಿ ಹುಡುಗನ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ಬಿಡಿಸುವ ಆಳಿಗೆ ಎಷ್ಟು ಕೊಡುತ್ತೀರಿ ಎಂದಾಗ ಮಾತ್ರ ಹೆಂಡತಿಯ ಕಡೆ ನೋಡಿದ. ಶಿವಬಸವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೈಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ದಿನವೆಲ್ಲ ಮೆಣಸಿನಕಾಯಿ ಬಿಡಿಸಿದ ಕೈಗೆ ಸಂಜೆಗೆ ಯಾರೋ ಕೆಂಡ ಸುರಿದ ಹಾಗೆ ಆಗುತ್ತದೆ. ಆ ಕೈಯಿಂದ ರೊಟ್ಟಿ ಬಡಿಯುವ ಹಾಗಿಲ್ಲ, ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ.

“ಅದಕ್ಕೇನ ಖರ್ಚ ಐತಿ ತಮ್ಮಾ?” ಅಂದಳು. “ನಮ್ಮದು ಮುಯ್ಯಿ.”

ಹೆಮ್ಮೆಯಿಂದಲೇ ಅಂದಳು. ಕೂಲಿ ಕೊಟ್ಟು ಬಿಡಿಸುವುದು ಆಳಿಲ್ಲದ ಮನೆಯವರ ಕೆಲಸ, ಓಣಿಯಲ್ಲಿ ಯಾರೂ ಹಚ್ಚಿಕೊಳ್ಳದವರ ಕೆಲಸ. ಶಶಿಕುಮಾರನ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಸೊನ್ನೆ ಒತ್ತಿ ಮುಂದಿನ ಸಾಲಿಗೆ ಹೋಯಿತು.

ಮುಯ್ಯಿ ಅಂದರೆ ಆಳಿಗೆ ಆಳು. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ನಡುವೆ ರೊಕ್ಕ ಬರುವುದಿಲ್ಲ, ಕಾಗದ ಬರುವುದಿಲ್ಲ. ಈ ಮುಯ್ಯಿಯಲ್ಲಿ ನಾಲ್ಕು ಮನೆ: ಶಿವಬಸವ್ವನದು, ಎದುರು ಮನೆಯ ಮಾಳವ್ವನದು, ಮಸೂತಿ ಹಿಂದಿನ ಕರೀಮಾಬಿಯದು, ಕೆಳಗಿನ ಓಣಿಯ ಸಾವಂತ್ರೆವ್ವನದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇವರು ಬೇರೆ ಬೇರೆ ಗಿಡದ ನೆರಳಿಗೆ ಹೋಗುತ್ತಿದ್ದರು. ಸಾವಂತ್ರೆವ್ವನ ರೊಟ್ಟಿಯನ್ನು ಶಿವಬಸವ್ವ ಮುಟ್ಟಿದವಳಲ್ಲ, ಮುಟ್ಟಲಿಲ್ಲವೆಂದು ನಾಚಿದವಳೂ ಅಲ್ಲ. ಆದರೆ ಸಾವಂತ್ರೆವ್ವನ ಒಂದು ದಿನ ಶಿವಬಸವ್ವನ ಒಂದು ದಿನಕ್ಕೆ ಸಮ. ಊರಲ್ಲಿ ಜಾತಿ ಕೇಳದ ತಕ್ಕಡಿ ಅದೊಂದೇ ಇತ್ತು.

ಅದಕ್ಕೆ ಕಟ್ಟಳೆ ಎರಡು. ಒಂದು, ಯಾವ ಬೆಳೆಯಲ್ಲಿ ಆಳು ತಂದೆಯೋ ಅದೇ ಬೆಳೆಯಲ್ಲಿ, ಗಿಡ ಒಣಗುವುದರೊಳಗೆ, ತಿರುಗಿ ಕೊಡಬೇಕು. ಮೆಣಸಿನಕಾಯಿಯ ಆಳನ್ನು ಕಡಲೆಯಲ್ಲಿ ತೀರಿಸುವಂತಿಲ್ಲ. ಎರಡು, ಹಿಂದಿನ ಸಂಜೆ ಮನೆಯ ಹೆಂಗಸೇ ಬಾಗಿಲಿಗೆ ಹೋಗಿ ಕರೆಯಬೇಕು. ಗಂಡಸು ಹೋಗಿ ಕರೆದರೆ ಅದು ಕೂಲಿ, ಹೆಂಗಸು ಕರೆದರೆ ಮುಯ್ಯಿ. ಮತ್ತು ಹೆಂಗಸು ಕರೆದ ಮೇಲೆ, ಮನೆಯಲ್ಲಿ ಹೆಣವೋ ಬಾಣಂತಿಯೋ ಇಲ್ಲದೆ ಹೋದರೆ, ಬರುವುದಿಲ್ಲ ಅನ್ನುವ ಮಾತೇ ಇಲ್ಲ. ಶಿವಬಸವ್ವ ಸೊಸೆಯಾಗಿ ಬಂದ ಮೂವತ್ತೆರಡು ವರ್ಷದಲ್ಲಿ ಹಾಗೆ ಅಂದವರನ್ನು ನೋಡಿರಲಿಲ್ಲ.

ಶಶಿಕುಮಾರ ನಾಲ್ಕೂ ಮನೆಯ ಹಾಳೆ ಬರೆದ. ನಾಲ್ಕರಲ್ಲೂ ಆ ಸಾಲಿನ ಮುಂದೆ ಅದೇ ಸೊನ್ನೆ. ಬರೆದು ಮುಗಿಸಿ ಎಲ್ಲರನ್ನೂ ಕೂರಿಸಿ ಒಂದು ಪಾಠ ಹೇಳಿದ.

“ಬೀಜ ಹೋತು, ಗೊಬ್ಬರ ಹೋತು. ಹೋದದ್ದನ್ನ ಹಿಡಕೊಂಡ ಅಳಬ್ಯಾಡ್ರಿ ಕಾಕಾ. ಇನ್ನ ಮುಂದ ಕೈಲೆ ಏನ ಹೋಗತೈತಿ, ಏನ ಬರತೈತಿ, ಅಷ್ಟ ನೋಡ್ರಿ. ಹೋಗೂದಕ್ಕಿಂತ ಬರೂದು ಒಂದ ರೂಪಾಯಿ ಹೆಚ್ಚಿತ್ತಂದ್ರ ಬಿಡಸ್ರಿ. ಕಡಿಮಿ ಆತೋ, ಗಿಡದ ಮ್ಯಾಲೇ ಬಿಟ್ಟ ಮನಿಗಿ ಬರ್ರಿ. ನಿಲ್ಲೂದಕ್ಕೂ ಒಂದ ಹೊತ್ತ ಇರತೈತಿ.”

ಕುಬೇರಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಚಹಾದಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಹೋದಲ್ಲಿ ಬಂದಲ್ಲಿ ತನ್ನದೇ ಮಾತೆಂಬಂತೆ ಹೇಳಿಕೊಂಡು ತಿರುಗಿದ. ಕಂಪನಿಯ ಲಾರಿಗೆ ಹಾಕಿದರೆ ಚೀಲ, ಹಮಾಲಿ, ಬಾಡಿಗೆ ಎಲ್ಲಾ ಕೂಡಿ ಕಿಲೋಕ್ಕೆ ಮೂರು ರೂಪಾಯಿ ಖರ್ಚು. ಮೊದಲ ಸಲ ಕಿಲೋಕ್ಕೆ ಇಪ್ಪತ್ತೆರಡು ಸಿಕ್ಕಿತು. ಎರಡನೆಯ ಸಲ ಹದಿನೈದು, ಮೂರನೆಯ ಸಲ ಹತ್ತು, ನಾಲ್ಕನೆಯದಕ್ಕೆ ಒಂಬತ್ತು, ಐದನೆಯದಕ್ಕೆ ಎಂಟು. ಪ್ರತಿ ಸಲವೂ ಶಶಿಕುಮಾರ ಹಾಳೆ ನೋಡಿದ, ಮೂರಕ್ಕಿಂತ ಹೆಚ್ಚೇ ಇದೆ, ಬಿಡಿಸ್ರಿ ಅಂದ. ಇವರು ಬಿಡಿಸಿದರು. ಆಜೂಬಾಜೂ ಹತ್ತಾರು ಊರಲ್ಲಿ ಇಂಥದೇ ಹಾಳೆ ಇಟ್ಟುಕೊಂಡವರೂ ಬಿಡಿಸಿದರು. ಬಿಡಿಸಿದ್ದೆಲ್ಲ ಒಂದೇ ಪ್ಯಾಟಿಗೆ ಹೋಗಿ ಬಿತ್ತು. ಕಾಯಿ ಬಿದ್ದಷ್ಟೂ ರೇಟು ಬಿತ್ತು, ರೇಟು ಬಿದ್ದರೂ ಹಾಳೆ ‘ಬಿಡಿಸಿ’ ಅನ್ನುವುದನ್ನು ಬಿಡಲಿಲ್ಲ. ಮುಂಬೈಯಲ್ಲಿ ಯಾರೋ ಹತ್ತು ರೂಪಾಯಿಗೆ ಕೈತುಂಬ ಮೆಣಸಿನಕಾಯಿ ತಂದು ಅಗ್ಗವಾಯಿತೆಂದು ಖುಷಿಪಟ್ಟಿರಬೇಕು. ಆ ಅಗ್ಗ ಯಾರ ಬೆರಳಿನ ಚರ್ಮ ಸುಲಿದು ಬಂತೆಂದು ಕೇಳುವ ಸಾಲು ಯಾವ ಹಾಳೆಯಲ್ಲೂ ಇರಲಿಲ್ಲ.

ನಾಲ್ಕು ಸಲದ ಮುಯ್ಯಿ ಸರಿಗೆ ಸರಿ ತೀರಿ, ಸಂಕ್ರಾಂತಿಯ ಹೊತ್ತಿಗೆ ಉಳಿದ ಮೂರು ಹೊಲ ಮುಗಿದವು. ಸಾವಂತ್ರೆವ್ವನ ಗಿಡಕ್ಕೆ ಎಲೆ ಮುರುಟುವ ರೋಗ ಬಿದ್ದು, ಅವಳ ಗಂಡ ನೀಲಪ್ಪ ಹೊಲದಲ್ಲಿ ಕುರಿ ಮೇಯಲು ಬಿಟ್ಟ. ಮಾಳವ್ವನದು, ಕರೀಮಾಬಿಯದು ಬರೀ ಮಳೆಯ ಮೇಲಿನ ಹೊಲ, ಹೊತ್ತಿಗೆ ಸರಿಯಾಗಿ ಒಣಗಿದವು. ಅವರು ಗಿಡ ಕಿತ್ತು ಒಲೆಗೆ ಹಾಕಿಕೊಂಡರು. ಕುಬೇರಪ್ಪನ ಹೊಲಕ್ಕೆ ಬೋರಿನ ನೀರಿತ್ತು. ಅವನ ಗಿಡ ಇನ್ನೂ ಕಪ್ಪು ಹಸಿರಾಗಿ, ನೋಡಿದವರ ಕಣ್ಣು ಬೀಳುವ ಹಾಗೆ ನಿಂತಿತ್ತು.

ಐದನೆಯ ಸಲ ಶಿವಬಸವ್ವ ಕರೆಯಲು ಹೋದದ್ದು ಅವರೆಲ್ಲರ ಹೊಲ ಮುಗಿದ ಮೇಲೆ. ಅಷ್ಟರಲ್ಲಿ ಆ ಮೂವರಿಗೂ ಬೇರೆ ಕೆಲಸ ಸಿಕ್ಕಿತ್ತು. ಅಮರಗೋಳದ ಹತ್ತಿರದ ಒಂದು ಗೋದಾಮಿನಲ್ಲಿ ಒಣ ಮೆಣಸಿನಕಾಯಿ ಆರಿಸುವ ಕೆಲಸ, ದಿನಕ್ಕೆ ಮೂರುನೂರಾ ಐವತ್ತು, ಬೆಳಿಗ್ಗೆ ಎಂಟಕ್ಕೆ ಊರಬಾಗಿಲಿಗೆ ಟೆಂಪೋ. ಶಿವಬಸವ್ವ ಕರೆದಳೆಂದು ಅವರು ನಾಲ್ಕು ದಿನ ಟೆಂಪೋ ಬಿಟ್ಟರು. ಬಿಟ್ಟೆವೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಎರಡನೆಯ ದಿನ ಟೆಂಪೋದ ಇಕ್ಬಾಲ ಹೊಲದ ದಾರಿಯಲ್ಲಿ ಗಾಡಿ ನಿಲ್ಲಿಸಿ, ಕರೀಮಾಬಿಯನ್ನು ನೋಡಿ, ಖಾಲಾ, ಸಾಹುಕಾರ್ತಿ ಆಗಿಬಿಟ್ಟಿ ಏನು, ಮುನ್ನೂರೈವತ್ತು ಬ್ಯಾಡಾತೇನು ಎಂದು ಚಾಷ್ಟಿ ಮಾಡಿದಾಗಲೇ ಶಿವಬಸವ್ವನಿಗೆ ತಿಳಿದದ್ದು. ಕರೀಮಾಬಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು, ಮತ್ತೆ ಬಗ್ಗಿ ಕಾಯಿಗೆ ಕೈ ಹಚ್ಚಿದಳು.

ಅಂದಿನಿಂದ ಶಿವಬಸವ್ವನ ಮೈಮೇಲೆ ಹನ್ನೆರಡು ದಿನ ಕೂತವು. ಮಾಳವ್ವನ ನಾಲ್ಕು, ಕರೀಮಾಬಿಯ ನಾಲ್ಕು, ಸಾವಂತ್ರೆವ್ವನ ನಾಲ್ಕು. ತಿರುಗಿ ಕೊಡೋಣವೆಂದರೆ ಬಗ್ಗಿ ದುಡಿಯಲು ಅವರ ಹೊಲದಲ್ಲಿ ಒಂದು ಗಿಡ ಇರಲಿಲ್ಲ. ಅವರಾತ್ರಿ ಅಮಾವಾಸ್ಯೆಯ ಮರುದಿನ ಅವಳು ಮಾಳವ್ವನ ಮನೆಗೆ ಹೋಗಿ ಜ್ವಾಳ ಹಸನ ಮಾಡಿಕೊಡುತ್ತೇನೆಂದು ಮೊರ ತೆಗೆದುಕೊಂಡಳು. ಮಾಳವ್ವ ಮೊರ ಕಸಿದುಕೊಂಡಳು.

“ಬಸಕ್ಕಾ, ಮುಯ್ಯಿ ತೀರಸಾಕ ಬಂದೀಯೇನು? ಹಂಗಾದ್ರ ನಮ್ಮ ಎಮ್ಮಿ ಮೈ ತೊಳಿ, ಮೊಮ್ಮಗನ ಕುಂಡಿ ತೊಳಿ, ನಾಲ್ಕ ದಿನ ಇಲ್ಲೇ ಇರು. ನಾ ನಿಮ್ಮ ಮನಿಗಿ ಹೋಗಿ ಗೌಡ್ತಿ ಆಗತೇನಿ.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಮಾಳವ್ವ ಸಣ್ಣ ದನಿಯಲ್ಲಿ, ಹೋದದ್ದು ಹೋಗಲಿ, ಇನ್ನೊಮ್ಮೆ ಮಾತ್ರ ಕರೆಯಬೇಡ, ಈ ಶಿವರಾತ್ರಿಯೊಳಗೆ ಮೊಮ್ಮಗನ ಕಿವಿಯ ಔಷಧಕ್ಕೆ ರೊಕ್ಕ ಕೂಡಿಸಬೇಕಾಗಿದೆ ಅಂದಳು. ಕರೆದರೆ ಬರುವುದಿಲ್ಲ ಅಂತ ಅನ್ನಲಿಲ್ಲ. ಕರೆದರೆ ಅವಳು ಬರುತ್ತಾಳೆಂಬುದು ಇಬ್ಬರಿಗೂ ಗೊತ್ತಿತ್ತು. ಅದೇ ಶಿವಬಸವ್ವನಿಗೆ ಹೆದರಿಕೆ ಹುಟ್ಟಿಸಿದ್ದು. ತಿರುಗಿ ಕೊಡಲು ಜಾಗವಿಲ್ಲವೆಂದು ಗೊತ್ತಿದ್ದೂ ಕರೆದರೆ ಅದು ಮುಯ್ಯಿ ಅಲ್ಲ. ಬಾಗಿಲಿಗೆ ಹೋಗಿ ಅಕ್ಕಾ ತಂಗೀ ಎಂದು ಕರೆದು ಮಾಡುವ ಕಳವು.

ಅದಾಗಿ ಎರಡನೆಯ ದಿನ ಶಶಿಕುಮಾರ ಬಂದ. ನಾಡಿದ್ದರಿಂದ ಆರನೆಯ ಸಲ ಬಿಡಿಸಬೇಕು, ಲಾರಿ ಗೊತ್ತಾಗಿದೆ, ರೇಟು ಎಂಟರಲ್ಲೇ ನಿಂತಿದೆ ಅಂದ. ಕುಬೇರಪ್ಪ ಆಗಲಿ ಅಂದುಬಿಟ್ಟ. ಶಿವಬಸವ್ವ ಚಹಾ ತಂದಿಟ್ಟು ಒಳಗೆ ಹೋಗದೆ ಅಲ್ಲೇ ನೆಲಕ್ಕೆ ಕೂತಳು. ಗಂಡಸರ ಮಾತಿನ ನಡುವೆ ಅವಳು ಹಾಗೆ ಕೂತದ್ದು ಅದೇ ಮೊದಲು. ಕುಬೇರಪ್ಪ ಒಮ್ಮೆ ಕೆಮ್ಮಿದ.

“ತಮ್ಮಾ, ಆ ಸೊನ್ನಿ ತಗದು ಕೂಲಿ ಬರದ್ರ ಏನ ಬರತೈತಿ?”

ಶಶಿಕುಮಾರ ಅವಳ ಮುಖ ನೋಡಿದ. ಹಾಗೆ ಬರೆಯುವುದಿಲ್ಲ ಅಂತ ಏನೋ ಹೇಳಲು ಹೋಗಿ, ಯಾಕೋ ಬಿಟ್ಟು, ಕೈಯಲ್ಲಿದ್ದ ಟ್ಯಾಬಿನ ಮೇಲೆ ಊರ ಕೂಲಿ ಮುನ್ನೂರು ಅಂತ ಒತ್ತಿದ. ಒಂದು ಆಳು ದಿನಕ್ಕೆ ಬಿಡಿಸುವುದು ನಲವತ್ತು ಕಿಲೋ. ಎಂಟರಂತೆ ಮುನ್ನೂರಿಪ್ಪತ್ತು. ಅದರಲ್ಲಿ ಲಾರಿಯ ಖರ್ಚು ನೂರಾ ಇಪ್ಪತ್ತು ಕಳೆದರೆ ಉಳಿಯುವುದು ಇನ್ನೂರು. ಮುನ್ನೂರು ಕೊಟ್ಟು ಇನ್ನೂರು ತರುವುದು. ಟ್ಯಾಬಿನಲ್ಲಿ ಹಸಿರು ಇದ್ದ ಸಾಲು ಕೆಂಪಾಯಿತು. ಅಲ್ಲಿ ಏನು ಬಂತೆಂದು ಓದಿ ಹೇಳೆಂದಳು. ‘ನಿಲ್ಲಿಸಿ’ ಅಂತ ಬಂದಿದೆ ಅಂದ.

“ಯಾವಾಗಿಂದ?”

ಅವನು ಹಿಂದಕ್ಕೆ ಸರಿಸುತ್ತಾ ಹೋದ. ಎಂಟರಲ್ಲಿ ಕೆಂಪು. ಒಂಬತ್ತರಲ್ಲಿ ಕೆಂಪು. ಹತ್ತರಲ್ಲೂ ಕೆಂಪು. ಮೂರನೆಯ ಸಲದಿಂದ ಅಂದ.

ಶಿವಬಸವ್ವ ಬೆರಳು ಮಡಿಸಲಿಲ್ಲ. ಆಳಿನ ಲೆಕ್ಕ ಅವಳಿಗೆ ಬೆರಳಿಲ್ಲದೆಯೇ ಬರುತ್ತಿತ್ತು. ಮೂರು ಸಲ, ಮೂವರು, ನಾಲ್ಕು ನಾಲ್ಕು ದಿನ. ಮೂವತ್ತಾರು ದಿನ ಆ ಹೆಂಗಸರನ್ನು ಅವಳು ಬಿಸಿಲಲ್ಲಿ ಬಗ್ಗಿಸಿದ್ದು ಬಿಡಿಸಬಾರದ ಕಾಯಿಗೆ. ಅವಳೂ ಅವರ ಹೊಲದಲ್ಲಿ ಬಗ್ಗಿದ್ದು ಅಂಥದೇ ಕಾಯಿಗೆ. ನಾಲ್ಕು ಮನೆಯವರು ಒಬ್ಬರ ಸೊಂಟ ಇನ್ನೊಬ್ಬರು ಮುರಿದುಕೊಟ್ಟು, ನಮ್ಮಲ್ಲಿ ಖರ್ಚಿಲ್ಲ ಎಂದು ಬೀಗಿ, ಪ್ಯಾಟಿಯ ರೇಟು ತಾವೇ ನೆಲಕ್ಕೆ ತುಳಿದಿದ್ದರು. ಮತ್ತು ಆ ಮಾತು ಮೊದಲು ಬಂದದ್ದು ಅವಳ ಬಾಯಿಂದ.

ಹಾಗಾದರೆ ಇಷ್ಟು ದಿನ ಇದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದಳು. ಶಶಿಕುಮಾರ ಚಹಾದ ಕಪ್ಪನ್ನು ಕೈಯಲ್ಲಿ ತಿರುಗಿಸಿದ.

“ರೊಕ್ಕ ಕೊಡದ ದುಡಿಮಿ ಖರ್ಚಲ್ಲ ಅಂತ ನಮ್ಮ ಸಾಹೇಬ್ರ ಹೇಳ್ಯಾರ್ರಿ. ಅದನ್ನ ಹಿಡದ್ರ ಈ ಸೀಮ್ಯಾಗ ಒಂದ ಹಾಳ್ಯಾಗೂ ‘ಬಿಡಸ್ರಿ’ ಅಂತ ಬರೂದಿಲ್ಲ. ಲಾರಿ ಖಾಲಿ ನಿಲ್ಲತೈತಿ.” ಕಪ್ಪು ಕೆಳಗಿಟ್ಟು ಅಂದ, “ನಮ್ಮವ್ವನೂ ಬಿಡಸಾಕ ಹೋಗಿ ನನ್ನ ಓದಿಸ್ಯಾಳ್ರಿ. ಆಕಿ ಕೂಲಿಗಿ ಹೋಗತಿದ್ಲು. ಇಂಥಾ ಮುಯ್ಯಿಗಲ್ಲ.”

“ಖರೇ ಗೊತ್ತಿದ್ದವ ನೀನು,” ಅಂದಳು.

ಅವನು ತಲೆ ತಗ್ಗಿಸಿದ. ತಲೆ ಎತ್ತದೆಯೇ ಮುನ್ನೂರನ್ನು ಅಳಿಸಿದ. ಸಾಲು ಮತ್ತೆ ಹಸಿರಾಯಿತು. ಎದ್ದು ಹೋಗುವಾಗ ಸಮಾಧಾನವೆಂಬಂತೆ ಇನ್ನೊಂದು ಮಾತು ಹೇಳಿದ. ನೀವು ಒಬ್ಬರು ನಿಲ್ಲಿಸಿದರೆ ರೇಟು ಏರುವುದಿಲ್ಲ ಅವ್ವಾ, ಅದು ಕೆರೆಯಿಂದ ಒಂದು ಚರಿಗೆ ನೀರು ತೆಗೆದ ಹಾಗೆ, ಬಾಜೂ ಊರಿನ ಕಾಯಿ ಬಂದು ಲಾರಿ ತುಂಬುತ್ತದೆ, ನಿಮ್ಮ ಇನ್ನೂರು ಮಾತ್ರ ಹೋಗುತ್ತದೆ. ಅದು ಸುಳ್ಳಲ್ಲ ಎಂದು ಶಿವಬಸವ್ವನಿಗೂ ಗೊತ್ತಿತ್ತು. ಸುಳ್ಳಾಗಿದ್ದರೆ ಜಗಳ ತೆಗೆಯಬಹುದಿತ್ತು.

ಅಂದು ಮಧ್ಯಾಹ್ನ ಉಣ್ಣುವಾಗ ಅವಳು ಗಂಡನಿಗೆ ಬಿಡಿಸಿ ಹೇಳಿದಳು. ಆ ಮೂವರು ಇಲ್ಲಿಗೆ ಬರಬೇಕೆಂದರೆ ಗೋದಾಮು ಬಿಡಬೇಕು. ನಮಗೆ ಇನ್ನೂರು ಸಿಗಬೇಕೆಂದು ಮಾಳವ್ವ ಮೂರುನೂರಾ ಐವತ್ತು ಕಳೆದುಕೊಳ್ಳಬೇಕೇ? ಕುಬೇರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಅವನು ಕೆಟ್ಟವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಒಬ್ಬರ ಬದುವಿನ ಒಂದು ಗೇಣು ಒತ್ತಿದವನಲ್ಲ. ಆದರೆ ತನ್ನ ಕೈಯಿಂದ ಹೋಗದೆ ಇರುವುದು ಯಾರ ಕೈಯಿಂದಲೋ ಹೋಗುತ್ತಿರುತ್ತದೆ ಎಂಬ ವಿಚಾರ ಅವನ ತಲೆಯೊಳಗೆ ಇಳಿಯುವ ಬಾಗಿಲೇ ಇರಲಿಲ್ಲ. ನಾನೇನು ಅವರ ರೊಕ್ಕ ಕಸಿದುಕೊಂಡೆನೇ ಎಂದು ಕೇಳಿದ. ಗಿಡ ಹಸಿರಿದೆ, ಕಾಯಿ ಜೋತಾಡುತ್ತಿದೆ, ಹಸಿರು ಗಿಡದ ಮೇಲೆ ಕಾಯಿ ಕೊಳೆಸಿದವನು ಅಂತ ಊರು ನಗುತ್ತದೆ ಅಂದ. ಮುಂದಿನ ವರ್ಷ ಅವರು ಕರೆದಾಗ ನೀನು ನಾಲ್ಕು ದಿನ ಹೆಚ್ಚು ಹೋಗಿ ಬಾ, ಮುಗಿಯಿತು ಅಂದ. ಮುಂದಿನ ವರ್ಷ ಇಂಥ ರೇಟಿಗೆ ಆ ಮೂವರಲ್ಲಿ ಯಾರೂ ಮೆಣಸಿನಕಾಯಿ ಹಚ್ಚುವುದಿಲ್ಲ ಎಂದು ಅವಳು ಹೇಳಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಮರುದಿನ ಹೊತ್ತು ಇಳಿಯುವ ಹೊತ್ತಿಗೆ ಗೋದಾಮಿನ ಟೆಂಪೋ ಬಂದು ನಿಂತಿತು. ಹೆಂಗಸರು ಇಳಿದರು, ಮುಖದ ತುಂಬ ಕೆಂಪು ಧೂಳು, ಮೂಗಿಗೆ ಕಟ್ಟಿದ ಅರಿವೆ ಕೊರಳಿಗೆ ಇಳಿಬಿಟ್ಟಿದ್ದರು. ಮಾಳವ್ವ ಸೀನುತ್ತ ಮನೆಯೊಳಗೆ ಹೋದಳು. ಶಿವಬಸವ್ವ ಕರೆಯಲು ಹೊರಡಬೇಕಾದ ಹೊತ್ತು ಅದು. ಅವಳು ಅಂಗಳ ಗುಡಿಸಿದಳು. ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸಿದಳು.

ಕುಬೇರಪ್ಪ ಕಾದು ಕಾದು, ಹೆಗಲಿಗೆ ಟಾವೆಲ್ ಹಾಕಿಕೊಂಡು ತಾನೇ ಎದ್ದ. ಎದುರು ಮನೆ, ಹತ್ತು ಹೆಜ್ಜೆ. ಹೊರಗೆ ನಿಂತೇ ಮಾಳವ್ವಾ ಎಂದು ಕರೆದ. ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದು ಅವನನ್ನು ನೋಡಿದಳು, ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು, ಆಚೆ ಅಂಗಳದಲ್ಲಿ ಕಸಬರಿಗೆ ಹಿಡಿದು ನಿಂತ ಶಿವಬಸವ್ವನನ್ನೂ ನೋಡಿದಳು. ನಾಳೆಯಿಂದ ಕಾಯಿ ಬಿಡಿಸುವುದಿದೆ ಎಂದು ಕುಬೇರಪ್ಪ ಹೇಳಿ ಮುಗಿಸುವವರೆಗೂ ಮರ್ಯಾದೆಯಿಂದ ಕೇಳಿಕೊಂಡಳು.

“ಆತ್ರಿ, ಬರತೇನಿ. ಕೂಲಿ ಎಷ್ಟ್ರಿ, ಅಣ್ಣಾರ?”

ಓಣಿಯ ಕಟ್ಟೆಯ ಮೇಲೆ ಕೂತಿದ್ದ ಬಸಣ್ಣ ಎಂಬ ಮುದುಕ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಜೋರಾಗಿ ನಕ್ಕ. “ಕುಬೇರಪ್ಪಾ, ಕೂಲಿ ಕೇಳಾಕತ್ತಾಳ, ಹೇಳಪಾ,” ಅಂದ. ಮಸೂತಿಯ ಕಡೆ, ಕೆಳಗಿನ ಓಣಿಯ ಕಡೆ ಹೋಗುವ ಧೈರ್ಯ ಕುಬೇರಪ್ಪನಿಗೆ ಆಗಲಿಲ್ಲ. ಬಂದ ಹತ್ತು ಹೆಜ್ಜೆ ತಿರುಗಿ ಬಂದ. ಬರುವಷ್ಟರಲ್ಲಿ ಅವನ ಮುಖ ಬೇರೆಯೇ ಆಗಿತ್ತು.

ಅಂಗಳದಲ್ಲಿ ನಿಂತು, ಓಣಿಗೆ ಕೇಳಿಸದಷ್ಟು ಸಣ್ಣಗೆ, ಒಂದೊಂದಾಗಿ ಹೇಳಿದ. ನಾಳೆ ಆಳು ಬರದೆ ಹೋದರೆ ಲಾರಿ ಬೇರೆ ಊರಿಗೆ ತಿರುಗುತ್ತದೆ, ಕಂಪನಿ ಮುಂದಿನ ವರ್ಷ ನಮ್ಮ ಬಾಗಿಲಿಗೆ ಬರುವುದಿಲ್ಲ. ಮುಯ್ಯಿಯೂ ಮುರಿಯುತ್ತದೆ, ಕೂಲಿ ಕೊಟ್ಟು ಮೆಣಸಿನಕಾಯಿ ಬೆಳೆಯುವ ತಾಕತ್ತು ನಮಗಿಲ್ಲ, ಬೋರು ಹಾಕಿಸಿದ ಹೊಲ ಬರೀ ಕಡಲೆಗೆ ಬೀಳುತ್ತದೆ. ನೀನು ನಿಲ್ಲಿಸಿದರೆ ಬೇರೆ ಊರಿನ ಹೆಂಗಸರು ಬಿಡಿಸುತ್ತಾರೆ, ಅವರ ಕೈ ಉರಿಯುವುದಿಲ್ಲವೇ? ಎಂಟು ಎಂಟೇ ಇರುತ್ತದೆ. ಏನು ಸಿಕ್ಕಿತು ನಿನಗೆ?

ಏನೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇವನು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ ಎಂಬುದೂ ಗೊತ್ತಿತ್ತು. ಮಾಳವ್ವನ ನಾಲ್ಕು ದಿನ ಹಾಗೇ ಉಳಿಯುತ್ತವೆ, ಕರೀಮಾಬಿಯದೂ ಸಾವಂತ್ರೆವ್ವನದೂ ಉಳಿಯುತ್ತವೆ. ಗಿಡದ ಮೇಲೆ ಕಾಯಿ ಹಣ್ಣಾಗಿ ಉದುರುತ್ತದೆ, ದಿನಾ ಅದನ್ನು ದಾಟಿಕೊಂಡೇ ಅವಳು ಬೋರಿನ ನೀರಿಗೆ ಹೋಗಬೇಕು. ಈ ಗಂಡಸಿನ ಜೊತೆ ಇದೇ ಮನೆಯಲ್ಲಿ ಉಣ್ಣಬೇಕು.

“ಮೂರೂ ಮನಿ ತಿರಗಿ ಬಾ ಅನ್ನಾಕತ್ತಿಲ್ಲ,” ಅಂದ ಕುಬೇರಪ್ಪ. ದನಿ ಈಗ ಬೇಡುವವನದಾಗಿತ್ತು. “ಎದರ ಮನಿಗಿ ಹೋಗಿ ಒಂದ ಮಾತ ಅಂದ ಬಾ. ಆಕಿ ಬಂದ್ರ ಉಳದವ್ರೂ ಬರತಾರ. ನಿನ್ನ ಮಾತ ಯಾರೂ ತಗದ ಹಾಕೂದಿಲ್ಲ.”

“ಅದಕ್ಕೇ ನಾ ಹೋಗೂದಿಲ್ಲ,” ಅಂದಳು ಶಿವಬಸವ್ವ.

ಅವನಿಗೆ ಕೇಳಿಸಲಿಲ್ಲವೆಂದಲ್ಲ. ಆದರೂ ಮತ್ತೊಮ್ಮೆ, ಈ ಸಲ ಓಣಿಗೆಲ್ಲ ಕೇಳುವ ಹಾಗೆ, ಹೋಗಿ ಕರೆದು ಬಾ ಅಂದ. ಬಸಣ್ಣ ತಿರುಗಿ ನೋಡಿದ. ಎದುರಿನ ಬಾಗಿಲಲ್ಲಿ ಮಾಳವ್ವ ಇನ್ನೂ ನಿಂತಿದ್ದಳು, ಕರೆದರೆ ಹೂಂ ಅನ್ನಲೇಬೇಕಾದವಳ ಹಾಗೆ.

ಶಿವಬಸವ್ವ ಕಸಬರಿಗೆ ಕೆಳಗಿಟ್ಟಳು.

“ನಾ ಕರಿಯೂದಿಲ್ಲ,” ಅಂದಳು, ಓಣಿಗೆಲ್ಲ ಕೇಳುವ ಹಾಗೆ.